ಮೂವತ್ತೆರಡು ಗ್ರಾಂ ಮೇವಿನ ಲೆಕ್ಕ

"ಆಂಟಿಬಯಾಟಿಕ್ ಹಾಕದೇ ಹೋದ್ರೆ ಇಷ್ಟು ಜನಕ್ಕೆ ಅಗ್ಗದ ಚಿಕನ್ ಎಲ್ಲಿಂದ ಬರುತ್ತೆ?" ಅಂತ ಕೇಳುವವರಲ್ಲಿ ನೀವೂ ಒಬ್ಬರಾಗಿದ್ದರೆ, ಡೆನ್ಮಾರ್ಕಿನ ಲೆಕ್ಕ ಒಮ್ಮೆ ನೋಡಿ. ದಿನವಿಡೀ ಡೇಟಾ ಜೊತೆ ಗುದ್ದಾಡೋದೇ ನನ್ನ ಕೆಲಸ. ಇಷ್ಟು ನೇರವಾಗಿ ಉತ್ತರ ಕೊಡುವ ಅಂಕಿಗಳು ನನಗೆ ಅಪರೂಪಕ್ಕೆ ಸಿಗುತ್ತವೆ.

ಈ ಅಭ್ಯಾಸ ಶುರುವಾದದ್ದು ಅಮೆರಿಕದಲ್ಲಿ. 1940ರ ದಶಕದ ಕೊನೆಗೆ ಲೆಡರ್ಲೆ ಕಂಪನಿಯ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟಾಕ್‌ಸ್ಟಡ್, ಆರಿಯೊಮೈಸಿನ್ ತಯಾರಿಸಿದ ಮೇಲೆ ಉಳಿದ ಚರಟವನ್ನು ಕೋಳಿಮರಿಗಳಿಗೆ ತಿನ್ನಿಸಿದರು. ಮರಿಗಳು ಬೇಗ ಬೆಳೆದವು. ಆಮೇಲೆ ಕಾಯಿಲೆ ಇರಲಿ ಬಿಡಲಿ, ದಿನಾ ಮೇವಿನಲ್ಲಿ ಚೂರು ಔಷಧಿ. ಬ್ಯಾಕ್ಟೀರಿಯಾ ಪೂರ್ತಿ ಸಾಯದಷ್ಟು ಸಣ್ಣ ಡೋಸ್! ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಸಬೇಕು ಅಂತಲೇ ಕೂತು ಯೋಚಿಸಿದ್ದರೂ ಇದಕ್ಕಿಂತ ಒಳ್ಳೆ ಉಪಾಯ ಹೊಳೆಯುತ್ತಿರಲಿಲ್ಲ.

ಡೆನ್ಮಾರ್ಕಿನ ಬ್ರಾಯ್ಲರ್ ಸಾಕಣೆದಾರರು ಬೆಳವಣಿಗೆಗಾಗಿ ಕೊಡುತ್ತಿದ್ದ ಆಂಟಿಬಯಾಟಿಕ್‌ಗಳನ್ನು 1998ರ ಆರಂಭದಲ್ಲಿ ತಾವಾಗಿಯೇ ನಿಲ್ಲಿಸಿದರು. ಕೋಳಿಗಳು ಸೊರಗಿದವಾ? ಸಾವು ಹೆಚ್ಚಲಿಲ್ಲ. ಶೆಡ್ಡಿನ ಒಂದು ಚದರ ಮೀಟರಿಗೆ ಸಿಗುವ ಕೋಳಿ ತೂಕವೂ ಇಳಿಯಲಿಲ್ಲ. ಒಂದು ಕೆಜಿ ಕೋಳಿಗೆ ಬೇಕಾದ ಮೇವು ಮಾತ್ರ 0.016 ಕೆಜಿ ಹೆಚ್ಚಾಯಿತು. ಎರಡು ಕೆಜಿ ಕೋಳಿಗೆ 32 ಗ್ರಾಂ. ಅಂದ್ರೆ ಒಂದು ಹಿಡಿ ಮುಸುಕಿನ ಜೋಳ. ಔಷಧಿ ಕೊಳ್ಳದೆ ಉಳಿದ ದುಡ್ಡನ್ನು ನೀವೇ ಅದರಿಂದ ಕಳೆಯಿರಿ.

ಕೋಳಿಗಳ ಕರುಳಿನ ರೋಗ ತಡೆಯೋಕೆ ಅಲ್ಲಿ ಸಲಿನೊಮೈಸಿನ್ ಥರದ ಔಷಧಿ ಮುಂದುವರಿಯಿತಲ್ಲ ಅಂತ ಕೆಲವರು ಆಕ್ಷೇಪಿಸುತ್ತಾರೆ. ನಿಜ, ಮುಂದುವರಿಯಿತು. ಆದರೆ ಅದು ಮನುಷ್ಯರ ಚಿಕಿತ್ಸೆಗೆ ಬಳಸುವ ಔಷಧಿಯಲ್ಲ. ನನ್ನ ಜಗಳ ಇರೋದು ಆಸ್ಪತ್ರೆಯ ಕಪಾಟಿನಲ್ಲಿರುವ ಔಷಧಿಗಳ ಬಗ್ಗೆ, ಅವುಗಳ ಹತ್ತಿರದ ನೆಂಟರ ಬಗ್ಗೆ.

ಉದಾಹರಣೆಗೆ ಅವೊಪಾರ್ಸಿನ್. ಇದು ವ್ಯಾಂಕೊಮೈಸಿನ್‌ನ ನೆಂಟ. ಒಂದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇನ್ನೊಂದಕ್ಕೂ ಬಗ್ಗದು. ಡೆನ್ಮಾರ್ಕ್ 1995ರಲ್ಲಿ ಇದನ್ನು ನಿಷೇಧಿಸಿದಾಗ ಬ್ರಾಯ್ಲರ್‌ಗಳಲ್ಲಿ ಸಿಕ್ಕ ಎಂಟರೊಕಾಕಸ್ ಫೀಸಿಯಂ ಬ್ಯಾಕ್ಟೀರಿಯಾದಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಅದಕ್ಕೆ ಬಗ್ಗುತ್ತಿರಲಿಲ್ಲ. 2000ಕ್ಕೆ ಆ ಸಂಖ್ಯೆ 6ರ ಆಸುಪಾಸಿಗೆ ಇಳಿಯಿತು.

ಈಗ ನಮ್ಮ ವಿಷಯಕ್ಕೆ ಬರೋಣ. ಊರಿಗೆ ಹೋದಾಗ "ಬ್ರಾಯ್ಲರ್ ಬೇಡ ಅತ್ತೆ, ನಾಟಿ ಕೋಳಿ ಇದ್ರೆ ಮಾಡಿ" ಅಂತೀವಿ, ಇಲ್ಲಿ ಅಮೆರಿಕದಲ್ಲಿ ಲೇಬಲ್ ಓದಿ ದುಬಾರಿ ಪ್ಯಾಕೆಟ್ ತರ್ತೀವಿ. ಅಲ್ಲಿಗೆ ನಮ್ಮ ಜವಾಬ್ದಾರಿ ಮುಗೀತು! ಇದು ನನಗೆ ಒಪ್ಪಿಗೆಯಿಲ್ಲ. ಬೇರೆಲ್ಲ ಔಷಧಿ ಸೋತಾಗ ವೈದ್ಯರು ಹಿಡಿಯುವ ಕೊಲಿಸ್ಟಿನ್ ಅನ್ನೂ ಸೋಲಿಸುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹಾರಬಲ್ಲ ಜೀನ್ 2015ರಲ್ಲಿ ಚೀನಾದಲ್ಲಿ ವರದಿಯಾಯಿತು. ಹಂದಿಗಳಲ್ಲೂ, ಹಸಿ ಮಾಂಸದಲ್ಲೂ, ರೋಗಿಗಳಲ್ಲೂ ಅದು ಇತ್ತು. ಇಂಥದ್ದು ಹರಡುವಾಗ ನಿಮ್ಮ ಫ್ರಿಜ್ಜಿನಲ್ಲಿರುವ ಲೇಬಲ್ ನೋಡಿ ಹರಡಲ್ಲ. ಭಾರತ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ನಿಷೇಧಿಸಿದ್ದು ಸರಿಯಾದ ಹೆಜ್ಜೆ, ಆದರೆ ಅದು ಒಂದೇ ಒಂದು ಔಷಧಿ.

ಅಮೆರಿಕದ ನಿಯಮದಲ್ಲೂ ತೂತಿದೆ. ಮನುಷ್ಯರಿಗೆ ಮುಖ್ಯವಾದ ಆಂಟಿಬಯಾಟಿಕ್‌ಗಳನ್ನು ಬೆಳವಣಿಗೆಗಾಗಿ ಕೊಡುವಂತಿಲ್ಲ ಅಂತ 2017ರಲ್ಲಿ ಆಯಿತು. ಪಶುವೈದ್ಯರು ಬರೆದುಕೊಟ್ಟರೆ "ರೋಗ ತಡೆಯಲು" ಇಡೀ ಹಿಂಡಿಗೆ ಈಗಲೂ ಕೊಡಬಹುದು. ಯುರೋಪ್ 2022ರ ಜನವರಿಯಿಂದ ಆ ದಾರಿಯನ್ನೂ ಹೆಚ್ಚುಕಮ್ಮಿ ಮುಚ್ಚಿದೆ. ಇಲ್ಲಿ ವೋಟು ಹಾಕುವವರು ನೀವಾಗಿದ್ದರೆ, ನಿಮ್ಮ ಪ್ರತಿನಿಧಿಗೆ ಬರೆಯಬೇಕಾದದ್ದು ಆ "ತಡೆಯಲು" ಅನ್ನೋ ಪದದ ಬಗ್ಗೆ. ಬರೆಯುವಾಗ 32 ಗ್ರಾಂ ಲೆಕ್ಕವನ್ನೂ ಸೇರಿಸಿ.