ಸಂಸಾರದ ಮಾತು: ಮರೆತ ಪಾಸ್‌ವರ್ಡು

ನಮ್ಮ ಬೀದಿಯಲ್ಲಿ ವಾಸವಾಗಿರುವ ನಿವೃತ್ತ ಉಪಾಧ್ಯಾಯರೊಬ್ಬರು ಮಗಳ ಮನೆಯಲ್ಲಿ ನಾಲ್ಕು ತಿಂಗಳಿದ್ದು ಕಳೆದ ಮಾಸದಲ್ಲಿ ಹಿಂದಿರುಗಿದರು. ಮನೆಯ ಬೀಗವೇನೋ ತೆರೆಯಿತು. ಲ್ಯಾಪ್‌ಟಾಪಿನ ಬೀಗ ತೆರೆಯಲಿಲ್ಲ. ಪಾಸ್‌ವರ್ಡು ಸಂಪೂರ್ಣವಾಗಿ ಮರೆತುಹೋಗಿತ್ತು. ಅದರಲ್ಲಿ ಪಿಂಚಣಿಯ ಲೆಕ್ಕ ಮಾತ್ರವೇ ಇದ್ದಿದ್ದರೆ ಅವರು ಅಷ್ಟು ಕಳವಳಪಡುತ್ತಿರಲಿಲ್ಲ. ದಿವಂಗತರಾದ ಅವರ ಪತ್ನಿಯು ಕಡೆಯ ದಿನಗಳಲ್ಲಿ ಹೇಳಿ ಬರೆಯಿಸಿದ್ದ ಆರತಿಯ ಹಾಡು, ಹಸೆಗೆ ಕರೆಯುವ ಹಾಡುಗಳೆಲ್ಲವೂ ಅದರೊಳಗಿದ್ದುವು, ಬೇರೆಲ್ಲಿಯೂ ಪ್ರತಿಯಿರಲಿಲ್ಲ.

ಪೇಟೆಯ ಅಂಗಡಿಯೊಂದರವರು ನೋಡಿದೊಡನೆಯೇ, "ಎಲ್ಲಾ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಡುತ್ತೇವೆ ಸಾರ್, ಒಂದು ಗಂಟೆಯ ಕೆಲಸ" ಎಂದರಂತೆ. ಮೇಷ್ಟ್ರು ಯಂತ್ರವನ್ನು ಎದೆಗವಚಿಕೊಂಡು ನಮ್ಮಲ್ಲಿಗೆ ಬಂದರು.

ಇಂತಹ ಸಮಯದಲ್ಲಿ ನೆನಪಿಗಿಂತ ಮುಂಚೆ ಕೀಲಿಮಣೆಯನ್ನು ಸಂಶಯಿಸಬೇಕು. ಕ್ಯಾಪ್ಸ್ ಲಾಕ್ ಒತ್ತಿದ್ದರೆ ಅಕ್ಷರಗಳು ಬದಲಾಗುವುವು. ಕನ್ನಡದಲ್ಲಿ ಬೆರಳಚ್ಚು ಮಾಡುವವರ ಮನೆಗಳಲ್ಲಿ ಕೀಲಿಮಣೆಯು ಕನ್ನಡಕ್ಕೇ ತಿರುಗಿ ನಿಂತಿರುವುದೂ ಉಂಟು. ಪರದೆಯ ಮೂಲೆಯಲ್ಲಿರುವ ಭಾಷೆಯ ಗುರುತನ್ನು ನೋಡಿ, ಪಾಸ್‌ವರ್ಡಿನ ಪಕ್ಕದ ಕಣ್ಣಿನ ಚಿಹ್ನೆಯನ್ನು ಒತ್ತಿದರೆ ನಾವು ಬರೆದುದು ಏನೆಂಬುದು ಕಾಣುವುದು. ಮೇಷ್ಟ್ರ ಯಂತ್ರವು ಕನ್ನಡದಲ್ಲಿಯೇ ಇದ್ದಿತು! ನಾವು ಹಿಗ್ಗಿದೆವು. ಆದರೆ ಇಂಗ್ಲಿಷಿಗೆ ತಿರುಗಿಸಿದರೂ ಬಾಗಿಲು ತೆರೆಯಲಿಲ್ಲ.

"ಯಂತ್ರಕ್ಕೆ ಗೊತ್ತಿರಬೇಕಲ್ಲವೇ, ಅದನ್ನೇ ಕೇಳಿಕೊಳ್ಳಬಾರದೇ?" ಎಂದರು ಮೇಷ್ಟ್ರು. ಪ್ರಶ್ನೆ ನ್ಯಾಯವಾದುದೇ. ಆದರೆ ಈಗಿನ ಯಂತ್ರಗಳು ಪಾಸ್‌ವರ್ಡನ್ನು ಇದ್ದಂತೆಯೇ ಬರೆದಿಡುವುದಿಲ್ಲ. ಗಣಿತದ ಸೂತ್ರದಿಂದ ಅದನ್ನರೆದು ಬೇರೊಂದು ಅಕ್ಷರಮಾಲೆಯನ್ನು ಮಾಡಿ ಅದನ್ನು ಮಾತ್ರ ಇಟ್ಟುಕೊಳ್ಳುತ್ತವೆ. ಹಿಟ್ಟಿನಿಂದ ಅಕ್ಕಿಯನ್ನು ಮರಳಿ ಪಡೆಯಲಾಗದು. ಹಿಂದೆ ಹೀಗಿರಲಿಲ್ಲ. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಕೊರ್ಬಾಟೊ ಎಂಬ ವಿದ್ವಾಂಸರು, ಒಂದೇ ಕಂಪ್ಯೂಟರನ್ನು ಹಂಚಿಕೊಳ್ಳುವ ಹಲವರ ಕಡತಗಳು ಬೆರೆಯದಿರಲೆಂದು, 1960ರ ದಶಕದ ಆರಂಭದಲ್ಲಿ ಪಾಸ್‌ವರ್ಡುಗಳನ್ನು ಬಳಕೆಗೆ ತಂದರು. 1962ರಲ್ಲಿ ಅಲ್ಲಿನ ವಿದ್ಯಾರ್ಥಿಯೊಬ್ಬನು ಉಪಾಯದಿಂದ ಎಲ್ಲರ ಪಾಸ್‌ವರ್ಡುಗಳನ್ನೂ ಅಚ್ಚುಮಾಡಿಸಿಕೊಂಡುಬಿಟ್ಟನು! ತನಗೆ ದೊರೆಯುವ ಯಂತ್ರದ ಹೊತ್ತು ಸಾಲದೆಂಬುದೇ ಅವನ ಕಷ್ಟವಾಗಿತ್ತು.

ತಪ್ಪು ಪಾಸ್‌ವರ್ಡನ್ನು ಕೊಟ್ಟಾಗ ಪರದೆಯಲ್ಲಿ ಬರುವ ವಾಕ್ಯವನ್ನು ಓದದೆ ಬಿಡಬಾರದು. ಆ ಯಂತ್ರದೊಳಗೆ ಮಾತ್ರವಿರುವ ಖಾತೆಯಾದರೆ, ಮೊದಲೇ ಉತ್ತರ ಕೊಟ್ಟಿಟ್ಟಿರುವ ಮೂರು ಪ್ರಶ್ನೆಗಳನ್ನು ವಿಂಡೋಸ್ ಕೇಳುವುದುಂಟು. ಈ ಏರ್ಪಾಟು 2018ರಲ್ಲಿ ವಿಂಡೋಸ್ 10ಕ್ಕೆ ಬಂದಿತು. ಮೇಷ್ಟ್ರ ಪರದೆಯಲ್ಲಿ ಮೈಕ್ರೋಸಾಫ್ಟ್ ಖಾತೆಯೆಂಬ ಮಾತು ಕಾಣಿಸಿತು. ಅಂತಹ ಪಾಸ್‌ವರ್ಡನ್ನು ಬೇರೆ ಯಾವ ಮೊಬೈಲಿನಿಂದಲಾದರೂ ಬದಲಾಯಿಸಬಹುದು. ಗುರುತಿನ ಅಂಕಿಗಳು ಮಾತ್ರ ಖಾತೆಯಲ್ಲಿ ನಮೂದಾಗಿರುವ ಮೊಬೈಲಿಗೋ ಇಮೇಲಿಗೋ ಬರುವುವು. ನಮೂದಾಗಿದ್ದುದು ಮಗಳ ಮೊಬೈಲು. ಮೇಷ್ಟ್ರು ಫೋನು ಮಾಡಿದರು. "ಅಪ್ಪಾ, ಇದೇ ಈಗ ಬಂತು, ಬರೆದುಕೊಳ್ಳಿ" ಎಂದು ಆಕೆಯು ಅಂಕಿಗಳನ್ನು ಓದಿ ಹೇಳಿದಳು. ಹೊಸ ಪಾಸ್‌ವರ್ಡು ಸಿದ್ಧವಾಯಿತು.

ಆದರೂ ಯಂತ್ರವು ಒಪ್ಪಲಿಲ್ಲ! ಮೇಷ್ಟ್ರ ಮುಖ ಬಾಡಿತು. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ನಮಗೆ ಹೊಳೆಯಿತು: ಇಂಟರ್ನೆಟ್ಟಿನ ಸಂಪರ್ಕವಿಲ್ಲದ ಯಂತ್ರಕ್ಕೆ ಪಾಸ್‌ವರ್ಡು ಬದಲಾದ ವರ್ತಮಾನವೇ ತಲಪಿರಲಿಲ್ಲ, ಅದು ಹಳೆಯದನ್ನೇ ಕೇಳುತ್ತಿತ್ತು. ಬಾಗಿಲ ಪರದೆಯ ಕೆಳಮೂಲೆಯಲ್ಲಿಯೇ ಇರುವ ಸಂಪರ್ಕದ ಚಿಹ್ನೆಯನ್ನೊತ್ತಿ, ನಮ್ಮ ಮೊಬೈಲಿನ ಹಾಟ್‌ಸ್ಪಾಟಿಗೆ ಸೇರಿಸಿದೆವು. ತೆರೆಯಿತು.

ಇದೂ ಕೈಗೂಡದಿದ್ದರೆ ಡಿಸ್ಕನ್ನು ಬಿಚ್ಚಿ ಬೇರೊಂದು ಕಂಪ್ಯೂಟರಿನಲ್ಲಿ ಓದಿಸುವ ಮಾರ್ಗವುಂಟು. ಆದರೆ ಡಿಸ್ಕು ಬಿಟ್‌ಲಾಕರ್ ಬೀಗದೊಳಗಿದ್ದರೆ 48 ಅಂಕಿಗಳ ಕೀಲಿ ಬೇಕಾಗುವುದು. ಅದು ಅನೇಕ ವೇಳೆ ಆ ಮೈಕ್ರೋಸಾಫ್ಟ್ ಖಾತೆಯಲ್ಲಿಯೇ ಇರುವುದರಿಂದ, ಸುಸ್ಥಿತಿಯಲ್ಲಿರುವಾಗಲೇ ಕಾಗದಕ್ಕೆ ಇಳಿಸಿಕೊಳ್ಳುವುದು ಲೇಸು. ಪಾಸ್‌ವರ್ಡನ್ನು ಬರೆದಿಡಲೇಬಾರದೆನ್ನುವವರ ಮಾತು ಕಚೇರಿಗೆ ಸರಿ. ಅರುವತ್ತು ದಾಟಿದವರ ಮನೆಗೆ ಅದನ್ನು ನಾವು ಒಪ್ಪಲಾರೆವು. ಬೀರುವಿನೊಳಗಿನ ಚೀಟಿಯನ್ನು ಕದಿಯಲು ಕಳ್ಳನು ಮನೆಗೇ ಬರಬೇಕಷ್ಟೆ.

ಮೇಷ್ಟ್ರು ಮೊದಲು ತೆರೆದುದು ಹಾಡುಗಳ ಕಡತವನ್ನು. ಪೆನ್‌ಡ್ರೈವಿಗೆ ಪ್ರತಿಮಾಡಿಕೊಡುತ್ತೇವೆಂದರೂ ಕೇಳದೆ, ಹಸೆಯ ಹಾಡೊಂದನ್ನು ಕಡೆಯವರೆಗೆ ಓದಿದ ಮೇಲೆಯೇ ಯಂತ್ರವನ್ನು ನಮ್ಮ ಕೈಗೆ ಕೊಟ್ಟರು.