ಉಣ್ಣದ ಮರಿಗೆ ಮೊದಲು ಬಿಸಿಲು

ಅಮೆರಿಕೆಯಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮನೆಗೆ ಬಿಯರ್ಡೆಡ್ ಡ್ರ್ಯಾಗನ್ ಎಂಬ, ಆಸ್ಟ್ರೇಲಿಯಾ ಮೂಲದ ಹಲ್ಲಿಜಾತಿಯ ಮರಿಯೊಂದು ಬಂದಿದೆ. ಅದು ಏನನ್ನೂ ಮುಟ್ಟದು. ಬಾಯಿ ಬಿಡಿಸಿ ತುರುಕಲೇ ಎಂದು ಮೊಮ್ಮಗ ಕೇಳುತ್ತಾನೆ. ಕೂಡದು ಎಂಬುದೇ ನನ್ನ ಅಭಿಪ್ರಾಯ. ಎಳೆಯ ದವಡೆಗೆ ಪೆಟ್ಟಾದೀತು, ತುತ್ತು ಶ್ವಾಸನಾಳ ಸೇರೀತು.

ಇದು ನಮ್ಮ ಓತಿಕ್ಯಾತದ ಕುಟುಂಬಕ್ಕೇ ಸೇರಿದ ಜೀವಿ. ಅಥಣಿ, ರಾಯಬಾಗದ ಹೊಲದ ಬೇಲಿಗಳ ಮೇಲೆ ಓತಿಕ್ಯಾತವು ಬೇಟೆಗೆ ಮುನ್ನ ಬೆಳಗಿನ ಬಿಸಿಲಿಗೆ ಮೈಯೊಡ್ಡಿ ಕೂರುವುದನ್ನು ನೀವೆಲ್ಲ ಕಂಡಿದ್ದೀರಿ. ಶೀತರಕ್ತದ ಪ್ರಾಣಿಗೆ ಮೈ ಕಾಯದೆ ಹಸಿವೂ ಇಲ್ಲ, ಪಚನವೂ ಇಲ್ಲ. ಆದುದರಿಂದ ಮರಿಯ ಪೆಟ್ಟಿಗೆಯಲ್ಲಿ ದೀಪದ ಕೆಳಗಿನ ತಾಣ ಸುಮಾರು 40 ಡಿಗ್ರಿ ಸೆಲ್ಸಿಯಸ್ ಇರಲಿ, ಇನ್ನೊಂದು ತುದಿ ತಂಪಾಗಿರಲಿ. ನೇರಳಾತೀತ ಕಿರಣದ ದೀಪವೂ ಬೇಕು; ಕಿಟಕಿಯ ಗಾಜು ಆ ಕಿರಣಗಳನ್ನು ತಡೆಯುತ್ತದೆ. ಅವಿಲ್ಲದೆ ಡಿ ಜೀವಸತ್ವವಿಲ್ಲ, ಅದಿಲ್ಲದೆ ಸುಣ್ಣಾಂಶ ಮೈಗೆ ಹತ್ತದೆ ಮೂಳೆ ಮೆತ್ತಗಾಗುತ್ತದೆ.

ಹೊಸ ಮನೆಯಲ್ಲಿ ಮರಿ ಕೆಲದಿನ ಉಣ್ಣದಿರುವುದು ಅಪರೂಪವೇನಲ್ಲ. (ರೊಟ್ಟಿಯ ತುತ್ತು ಹಿಡಿದು ಮಗುವಿನ ಹಿಂದೆ ಓಡುವ ನಮ್ಮ ತಾಯಂದಿರು ಇದನ್ನು ಒಪ್ಪಲಾರರು!) ಅದರ ಕಣ್ಣೆರಡರ ನಡುವಿನ ಅಂತರಕ್ಕಿಂತ ದೊಡ್ಡ ಹುಳು ಬೇಡ, ಹರಿದಾಡುವ ಹುಳುವಾದರೆ ಮರಿ ಬೇಗ ಗಮನಿಸುತ್ತದೆ. ಉಳಿದ ಹುಳುಗಳನ್ನು ರಾತ್ರಿ ತೆಗೆದುಬಿಡಬೇಕು, ಅವು ಮರಿಯನ್ನೇ ಕಚ್ಚಬಲ್ಲವು. ಕಣ್ಣು ಗುಳಿಬಿದ್ದರೆ, ಮೈ ಜೋಲಿದರೆ ಪಶುವೈದ್ಯರಲ್ಲಿಗೆ ಒಯ್ಯುವುದೊಂದೇ ದಾರಿ.

ಚಿಕ್ಕೋಡಿ, ನಿಪ್ಪಾಣಿಯ ಮಕ್ಕಳು ಇದನ್ನೋದಿ ಓತಿಕ್ಯಾತವನ್ನು ಹಿಡಿದು ಡಬ್ಬಿಗೆ ಹಾಕದಿರಲಿ. ಬೇಲಿಯ ಮೇಲೆ ಅದಕ್ಕೆ ಬಿಸಿಲೂ ಇದೆ, ಹುಳುವೂ ಇದೆ.