ಹಳೆಯ ಕಾರೂ ಮನೆಯಂಗಳದ ವಿಜ್ಞಾನವೂ

ಯಂತ್ರವನ್ನು ಬಳಸುವವರು ಒಂದು ಜಾತಿ, ಯಂತ್ರವನ್ನು ಬಲ್ಲವರು ಇನ್ನೊಂದು ಜಾತಿ ಎಂಬ ಭೇದವು ನಮ್ಮ ನಾಡಿನಲ್ಲಿ ಬಹುಕಾಲದಿಂದ ಬೇರೂರಿರುವುದು. ಗಡಿಯಾರ ಕೆಟ್ಟರೆ ಗಡಿಯಾರದವನಲ್ಲಿಗೆ, ಪಂಪು ಕೆಟ್ಟರೆ ಪಂಪಿನವನಲ್ಲಿಗೆ ಹೋಗುವುದು ವಾಡಿಕೆ. ಕೆಟ್ಟದ್ದು ಏನು, ಏಕೆ ಕೆಟ್ಟಿತು ಎಂಬ ಪ್ರಶ್ನೆಯನ್ನು ಯಜಮಾನನು ಕೇಳುವುದಿಲ್ಲ. ಕೇಳಿದರೂ ಉತ್ತರವನ್ನು ತೂಗಿ ನೋಡುವ ಸಾಧನ ಅವನಲ್ಲಿರುವುದಿಲ್ಲ. ಈ ಭೇದವನ್ನು ಅಳಿಸುವುದಕ್ಕೆ ಚಾಮರಾಜನಗರ, ಗುಂಡ್ಲುಪೇಟೆಗಳಂಥ ಊರುಗಳಲ್ಲಿ ಒಂದು ಒಳ್ಳೆಯ ಉಪಕರಣ ಈಗಾಗಲೇ ಮನೆಯ ಮುಂದೆ ನಿಂತಿದೆ. ಅದೇ ಹಳೆಯ ಚಿಕ್ಕ ಕಾರು.

ಚಿಕ್ಕ ಕಾರು ಎಂದೊಡನೆ ನೆನಪಿಗೆ ಬರುವುದು ಮಾರುತಿ 800. 1983ರ ಡಿಸೆಂಬರ್ 14ರಂದು ಮೊದಲ ಗಾಡಿ ಗ್ರಾಹಕನ ಕೈ ಸೇರಿತು. 2014ರ ಜನವರಿಯಲ್ಲಿ ಉತ್ಪಾದನೆ ನಿಂತಿತು. ಈ ಮೂವತ್ತು ವರ್ಷಗಳಲ್ಲಿ ಇಪ್ಪತ್ತೈದು ಲಕ್ಷಕ್ಕೂ ಮೀರಿ ತಯಾರಾದ ಈ ಗಾಡಿಯ ಎಂಜಿನ್ನಿಗೆ ಮೂರೇ ಸಿಲಿಂಡರುಗಳು, ಗಾತ್ರ 796 ಘನ ಸೆಂಟಿಮೀಟರು. 2000ದ ಸುಮಾರಿಗೆ ಕಾರ್ಬೊರೇಟರಿನ ಸ್ಥಾನದಲ್ಲಿ ಕಂಪ್ಯೂಟರಿನ ಅಂಕೆಯಲ್ಲಿ ಪೆಟ್ರೋಲನ್ನು ಸಿಂಪಡಿಸುವ ವ್ಯವಸ್ಥೆ ಬಂದಿತು. ಅದಕ್ಕೆ ಹಿಂದಿನ ಗಾಡಿಗಳಲ್ಲಿ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ನಾಲ್ಕಾರು ಸ್ಪ್ಯಾನರು, ಒಂದು ಪ್ಲಗ್ ಸ್ಪ್ಯಾನರು, ಒಂದು ಸ್ಕ್ರೂಡ್ರೈವರು, ತೆರಪು ಅಳೆಯುವ ತೆಳುತಗಡಿನ ಗೇಜು ಇದ್ದರೆ ಅರ್ಧ ಕೆಲಸ ಮನೆಯಲ್ಲೇ ನಡೆಯುವುದು.

ಮನೆಯ ದುರಸ್ತಿಯಿಂದ ನಾಲ್ಕು ಕಾಸು ಉಳಿಯುವುದು ನಿಜ. ಆದರೆ ಅದರ ಮುಖ್ಯ ಲಾಭ ಹಣವಲ್ಲ, ಅದು ಕಲಿಸುವ ವಿಚಾರಕ್ರಮ. ಸ್ಪಾರ್ಕ್ ಪ್ಲಗ್ಗನ್ನೇ ನೋಡೋಣ. ಕಳಚಿ ತೆಗೆದ ಪ್ಲಗ್ಗಿನ ತುದಿ ಮಸಿ ಹಿಡಿದಿದ್ದರೆ ಗಾಳಿಗಿಂತ ಪೆಟ್ರೋಲು ಹೆಚ್ಚಾಗಿದೆ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲು ಕಡಮೆಯಾಗಿ ಉರಿ ಬಿಸಿಯಾಗಿದೆ. ತಿಳಿಗಂದು ಬಣ್ಣವಿದ್ದರೆ ಮಿಶ್ರಣ ಸರಿಯಾಗಿದೆ. ಎಣ್ಣೆಯ ಪಸೆ ಇದ್ದರೆ ಸಿಲಿಂಡರಿನೊಳಗೆ ಎಂಜಿನ್ ಆಯಿಲು ನುಸುಳುತ್ತಿದೆ. ವೈದ್ಯನು ನಾಲಗೆಯನ್ನು ನೋಡಿ ಜಠರದ ಸ್ಥಿತಿಯನ್ನು ಊಹಿಸುವಂತೆ ಇಲ್ಲಿಯೂ ಲಕ್ಷಣದಿಂದ ಕಾರಣಕ್ಕೆ ಹೋಗಬೇಕು. ಮೂರು ಪ್ಲಗ್ಗುಗಳಲ್ಲಿ ಒಂದೇ ಕಪ್ಪಾಗಿದ್ದರೆ ದೋಷವು ಆ ಸಿಲಿಂಡರಿಗೆ ಸೇರಿದ್ದು. ಮೂರೂ ಕಪ್ಪಾಗಿದ್ದರೆ ಕಾರ್ಬೊರೇಟರನ್ನೋ ಗಾಳಿ ಸೋಸುವ ಫಿಲ್ಟರನ್ನೋ ಶಂಕಿಸಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಪರಿಣಾಮವನ್ನು ಗುರುತು ಹಾಕಿಕೊಳ್ಳಬೇಕು. ಪ್ರಯೋಗಶಾಲೆಯ ವಿಧಾನವೆಂದರೆ ಇದಕ್ಕಿಂತ ಬೇರೆ ಏನು?

ಈ ವಿಚಾರಕ್ರಮಕ್ಕೆ ಇಂದು ಹಿಂದೆಂದಿಗಿಂತ ಹೆಚ್ಚಿನ ಅಗತ್ಯ ಬಂದಿದೆ. ನಮ್ಮ ಪೆಟ್ರೋಲಿಗೆ ಎಥನಾಲನ್ನು, ಎಂದರೆ ಮದ್ಯಸಾರವನ್ನು, ಬೆರಸುತ್ತಿರುವ ಸಂಗತಿ ಓದುಗರಿಗೆ ತಿಳಿದದ್ದೇ. ಸೇಕಡ 20ರಷ್ಟು ಬೆರಕೆಯ ಇಂಧನದ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. 2025ರಲ್ಲಿ ಅದು ದೇಶದಾದ್ಯಂತ ಹಬ್ಬಿತು. ಕಬ್ಬು ಮತ್ತು ಧಾನ್ಯಗಳಿಂದ ಇಂಧನವನ್ನು ಪಡೆದು ತೈಲದ ಆಮದನ್ನು ತಗ್ಗಿಸುವ ಉದ್ದೇಶ ಸರಿಯಾದದ್ದೇ. ಆದರೆ ಹಳೆಯ ಕಾರನ್ನು ಈ ಇಂಧನಕ್ಕಾಗಿ ರೂಪಿಸಿರಲಿಲ್ಲ. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಎಥನಾಲಿಗೆ 9 ಪಾಲು ಸಾಕು. ಸೇಕಡ 20ರ ಬೆರಕೆಗೆ ಲೆಕ್ಕ ಹಾಕಿದರೆ ಸುಮಾರು 13.5 ಪಾಲು ಬರುವುದು. ಕಾರ್ಬೊರೇಟರಿನ ಜೆಟ್ಟಿನ ರಂಧ್ರ ಮಾತ್ರ ಹಳೆಯ ಪ್ರಮಾಣದಲ್ಲಿಯೇ ಇಂಧನವನ್ನು ಬಿಡುತ್ತಿರುತ್ತದೆ. ಆದ್ದರಿಂದ ಮಿಶ್ರಣವು ಸೇಕಡ ಏಳೆಂಟರಷ್ಟು ಬಡವಾಗುತ್ತದೆ. ಬೆಳಗಿನ ಹೊತ್ತು ಎಂಜಿನ್ನು ತಡವರಿಸುತ್ತದೆ. ಅಲ್ಲದೆ ಒಂದು ಲೀಟರು ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಆದಕಾರಣ ಲೀಟರಿಗೆ ಓಡುವ ದೂರವೂ ಸೇಕಡ ಆರೇಳರಷ್ಟು ಕುಗ್ಗಿದರೆ ಆಶ್ಚರ್ಯವಿಲ್ಲ. ಅದಕ್ಕಾಗಿ ಗ್ಯಾರೇಜಿನವನನ್ನು ದೂರುವುದು ನ್ಯಾಯವಲ್ಲ.

ಇದಕ್ಕಿಂತ ಗಂಭೀರವಾದದ್ದು ರಬ್ಬರಿನ ವಿಷಯ. ಎಥನಾಲು ಹಳೆಯ ಬಗೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಗಾಳಿಯ ತೇವವನ್ನು ಹೀರಿಕೊಂಡು ಪೆಟ್ರೋಲ್ ಟ್ಯಾಂಕಿನ ತಗಡಿಗೆ ತುಕ್ಕು ಬರಿಸುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ನೀರು ಬೇರ್ಪಟ್ಟು ಟ್ಯಾಂಕಿನ ತಳ ಸೇರಬಹುದು. ಬಿಸಿಯಾದ ಎಂಜಿನ್ನಿನ ಪಕ್ಕದಲ್ಲಿಯೇ ಹಾದುಹೋಗುವ ಪೆಟ್ರೋಲ್ ಹೋಸು ಬಿರುಕು ಬಿಟ್ಟರೆ ಪರಿಣಾಮ ಬೆಂಕಿಯೇ. ಇಂಥ ಹೋಸನ್ನೂ ಅದರ ಕ್ಲಿಪ್ಪುಗಳನ್ನೂ ಎಥನಾಲು ತಾಳುವ ರಬ್ಬರಿನವಕ್ಕೆ ಬದಲಾಯಿಸುವುದು ಅಲ್ಪ ವೆಚ್ಚದ ಕೆಲಸ. ಹಳೆಯ ಕಾರಿನ ‘ಸುಧಾರಣೆ’ ಎಂಬ ಮಾತಿಗೆ ಮೊದಲ ಅರ್ಥ ಇದಾಗಬೇಕೆಂಬುದು ನನ್ನ ಅಭಿಪ್ರಾಯ.

ಗುಂಡ್ಲುಪೇಟೆಯ ಕಾರಿಗೆ ಇನ್ನೊಂದು ವಿಶೇಷ ಪರೀಕ್ಷೆಯುಂಟು. ಊರು ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿದೆ. ಬಂಡೀಪುರವನ್ನು ದಾಟಿ ಏರಿಹೋದರೆ ಉದಕಮಂಡಲವು ಸುಮಾರು 2,240 ಮೀಟರು ಎತ್ತರದಲ್ಲಿದೆ. ಅಲ್ಲಿ ಗಾಳಿಯು ತೆಳುವಾಗಿರುವುದರಿಂದ ಕಾರ್ಬೊರೇಟರಿನ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಸೇಕಡ ಏಳೆಂಟು ಹೆಚ್ಚಾಗುವುದು. ಬಲ ಕುಂದಿತೆಂದು ಬೆಟ್ಟದ ಮೇಲೆ ಯಾರಾದರೂ ಸ್ಕ್ರೂವನ್ನು ತಿರುವಿ ಮಿಶ್ರಣವನ್ನು ಬಡವಾಗಿಸಿದರೆ ಕೆಳಗಿಳಿದ ಮೇಲೆ ಅದೇ ಎಂಜಿನ್ನು ಮಿತಿಮೀರಿ ಕಾಯುವುದು. ಕಾರಣವನ್ನು ತಿಳಿದವನು ಅಲ್ಲಿ ಸುಮ್ಮನಿರುತ್ತಾನೆ. ತಿಳಿಯದವನು ಇಲ್ಲದ ರೋಗಕ್ಕೆ ಮದ್ದು ಮಾಡುತ್ತಾನೆ.

ಇಳಿಜಾರಿನ ವಿಷಯ ಇದಕ್ಕಿಂತ ಮುಖ್ಯವಾದದ್ದು. ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೊರಟವರು ಹಾಸನೂರನ್ನು ದಾಟಿ ದಿಂಬಂ ಘಟ್ಟದ 27 ಕಡಿದಾದ ತಿರುವುಗಳನ್ನು ಇಳಿಯಬೇಕು. ನಾಲ್ವರು ಕುಳಿತ ಚಿಕ್ಕ ಕಾರಿನ ತೂಕ 900 ಕಿಲೋಗ್ರಾಂ, ಇಳಿಯುವ ಎತ್ತರ 700 ಮೀಟರು ಎಂದು ಲೆಕ್ಕ ಹಿಡಿಯೋಣ. ಆಗ ಹೊರಬೀಳುವ ಶಕ್ತಿಯು ಸುಮಾರು ಇಪ್ಪತ್ತು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಬಲ್ಲದು. ಗಾಡಿಯನ್ನು ನ್ಯೂಟ್ರಲ್ಲಿನಲ್ಲಿ ಬಿಟ್ಟು ಬರಿಯ ಬ್ರೇಕಿನಿಂದ ಹಿಡಿಯುತ್ತ ಇಳಿದರೆ ಈ ಶಾಖದ ಬಹುಭಾಗ ಬ್ರೇಕುಗಳನ್ನೇ ಸೇರುವುದು. ಎರಡನೆಯ ಗೇರಿನಲ್ಲಿ ಇಳಿದರೆ ಎಂಜಿನ್ನೂ ಆ ಹೊರೆಯನ್ನು ಹಂಚಿಕೊಳ್ಳುವುದು.

ಬ್ರೇಕ್ ಆಯಿಲು ವಾಸ್ತವವಾಗಿ ಎಣ್ಣೆಯಲ್ಲ. ತೇವವನ್ನು ಹೀರುವ ಸ್ವಭಾವದ ರಾಸಾಯನಿಕ ದ್ರವ. ಡಾಟ್ 3 ಎಂಬ ವರ್ಗದ ಹೊಸ ದ್ರವವು 205 ಡಿಗ್ರಿ ಸೆಲ್ಸಿಯಸ್ಸಿನವರೆಗೂ ಕುದಿಯಬಾರದೆಂಬ ನಿಯಮವಿದೆ. ತೇವ ಹೀರಿದ ಮೇಲೆ ಈ ಮಿತಿ 140ಕ್ಕೆ ಇಳಿಯುವುದು. ದ್ರವವನ್ನು ಒತ್ತಿ ಕುಗ್ಗಿಸಲಾಗದು. ಆದ್ದರಿಂದಲೇ ಪೆಡಲಿನ ಒತ್ತಡ ಚಕ್ರವನ್ನು ತಲುಪುತ್ತದೆ. ಆದರೆ ದ್ರವ ಕುದಿದು ಆವಿಯ ಗುಳ್ಳೆ ಎದ್ದರೆ ಆವಿಯು ಕುಗ್ಗುತ್ತದೆ. ಪೆಡಲು ನೆಲಕ್ಕೆ ಕುಸಿಯುತ್ತದೆ, ಚಕ್ರ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಬದಲಾಯಿಸದ ಕಾರಿಗೆ ಹೊಸ ಬಣ್ಣ ಬಳಿಸುವುದು ಹಸಿದವನಿಗೆ ಹೂಮಾಲೆ ಹಾಕಿದಂತೆ.

ಹೀಗಿದ್ದರೂ ಬ್ರೇಕು, ಸ್ಟಿಯರಿಂಗುಗಳನ್ನು ಅನುಭವವಿಲ್ಲದವರು ಮನೆಯಲ್ಲಿ ಬಿಚ್ಚಬಾರದು. ದ್ರವದ ಮಟ್ಟ, ಪೈಪಿನ ಸೋರಿಕೆ, ಪ್ಯಾಡಿನ ಸವೆತಗಳನ್ನು ಯಜಮಾನನು ನೋಡಲಿ. ಬಿಚ್ಚಿ ಜೋಡಿಸುವ ಕೆಲಸವನ್ನು ನುರಿತ ಮೆಕ್ಯಾನಿಕನಿಗೆ ಬಿಡಲಿ. ಬರಿಯ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಯಾರೂ ನುಸುಳಕೂಡದು. ಕರಿಕಲ್ಲಿಗೆ ಹೆಸರಾದ ಚಾಮರಾಜನಗರದಲ್ಲಿ ಕಲ್ಲಿಗೆ ಬರವಿಲ್ಲ. ಆದರೂ ಕಲ್ಲು, ಇಟ್ಟಿಗೆಗಳ ಅಡಕು ಒಮ್ಮೆಲೇ ಸಿಡಿದು ಜಾರಬಹುದಾದ್ದರಿಂದ ಉಕ್ಕಿನ ಸ್ಟ್ಯಾಂಡುಗಳನ್ನೇ ಉಪಯೋಗಿಸಬೇಕು. ತೆಗೆದ ಹಳೆಯ ಎಂಜಿನ್ ಆಯಿಲನ್ನು ಚರಂಡಿಗೆ ಸುರಿದರೆ ಅದು ಕೆರೆಯ ನೀರನ್ನು ಸೇರುವುದು. ಡಬ್ಬದಲ್ಲಿ ತುಂಬಿ ಅದನ್ನು ಸಂಗ್ರಹಿಸುವ ಗ್ಯಾರೇಜಿಗೆ ಕೊಡುವುದು ನಾಗರಿಕ ಧರ್ಮ.

ಸುಧಾರಣೆಯ ಹೆಸರಿನಲ್ಲಿ ನಡೆಯುವ ಆಡಂಬರವನ್ನು ಕುರಿತು ಎರಡು ಮಾತು ಹೇಳಬೇಕು. ಹೆಡ್‌ಲೈಟಿಗೆ 55 ವಾಟಿನ ಬಲ್ಬನ್ನು ತೆಗೆದು 90 ವಾಟಿನದನ್ನು ಹಾಕುವ ಚಪಲ ಅನೇಕರಿಗೆ ಉಂಟು. 12 ವೋಲ್ಟಿನಲ್ಲಿ ವಿದ್ಯುತ್ತು ಸುಮಾರು 4.6 ಆಂಪಿಯರಿನಿಂದ 7.5 ಆಂಪಿಯರಿಗೆ ಏರುವುದು. ತಂತಿಯಲ್ಲಿ ಹುಟ್ಟುವ ಶಾಖವು ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ಎರಡೂವರೆ ಪಟ್ಟಿಗೂ ಮೀರಿ ಹೆಚ್ಚುವುದು. ಇಪ್ಪತ್ತು ವರ್ಷದ ಹಳೆಯ ತಂತಿ ಇದನ್ನು ತಾಳಲಾರದು. ಎದುರಿಗೆ ಬರುವ ಚಾಲಕನ ಕಣ್ಣೂ ತಾಳಲಾರದು. ಕಾಡಿನ ಅಂಚಿನಲ್ಲಿ ರಸ್ತೆ ದಾಟುವ ಜಿಂಕೆಯಂತೂ ಬೆರಗಾಗಿ ನಿಂತುಬಿಡುವುದು. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಸಂಚಾರವನ್ನು 2009ರಲ್ಲಿ ನಿರ್ಬಂಧಿಸಿದ್ದೇ ವನ್ಯಮೃಗಗಳ ಪ್ರಾಣರಕ್ಷಣೆಗಾಗಿ. ಮಾಸಿದ ಗಾಜನ್ನು ಉಜ್ಜಿ ಬೆಳಗಿ, ತುಕ್ಕು ಹಿಡಿದ ಅರ್ತಿನ ಸಂಪರ್ಕವನ್ನು ಸರಿಪಡಿಸಿದರೆ ಸಹಜವಾದ ಬಲ್ಬೇ ಸಾಕಷ್ಟು ಬೆಳಕನ್ನು ಕೊಡುವುದು.

ಕಾನೂನಿನ ನಿಲುವೂ ಇದೇ ಬಗೆಯದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ಪಷ್ಟಪಡಿಸಿತು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುವುದು. ಅನಂತರ ಪರೀಕ್ಷೆಗೆ ಒಪ್ಪಿಸಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಈ ಶುಲ್ಕವನ್ನು 2022ರ ಏಪ್ರಿಲಿನಲ್ಲಿ 600 ರೂಪಾಯಿಗಳಿಂದ 5,000ಕ್ಕೆ ಏರಿಸಲಾಯಿತು. ಹಳೆಯ ಕಾರನ್ನು ಗುಜರಿಗೆ ಹಾಕಿರೆಂಬ ಸೂಚನೆ ಇದರಲ್ಲಿ ಅಡಗಿದೆ.

ಈ ಸೂಚನೆಯನ್ನು ಎಲ್ಲರೂ ಪಾಲಿಸಬೇಕೆ? ಲೆಕ್ಕವನ್ನು ನಾವೇ ಹಾಕಿ ನೋಡೋಣ. ಸಂತೆಗೆ, ಆಸ್ಪತ್ರೆಗೆ, ನೆಂಟರ ಮನೆಗೆಂದು ವರ್ಷಕ್ಕೆ 3,000 ಕಿಲೋಮೀಟರು ಓಡುವ ಕಾರು ಲೀಟರಿಗೆ 15 ಕಿಲೋಮೀಟರಿನಂತೆ 200 ಲೀಟರು ಕುಡಿಯುವುದು. ಲೀಟರಿಗೆ 22 ಕಿಲೋಮೀಟರು ಓಡುವ ಹೊಸ ಕಾರಿಗೆ ಸುಮಾರು 136 ಲೀಟರು ಸಾಕು. ಉಳಿತಾಯ 64 ಲೀಟರು, ಲೀಟರಿಗೆ 2.3 ಕಿಲೋಗ್ರಾಂ ಕಾರ್ಬನ್ ಡೈ ಆಕ್ಸೈಡಿನಂತೆ ವರ್ಷಕ್ಕೆ 150 ಕಿಲೋಗ್ರಾಮಿಗೂ ಕಡಮೆ. ಹೊಸ ಕಾರಿನ ಉಕ್ಕು, ಗಾಜು, ರಬ್ಬರುಗಳನ್ನು ತಯಾರಿಸುವಾಗಲೇ ಹಲವು ಟನ್ನು ಅನಿಲ ಹೊರಬಿದ್ದಿರುತ್ತದೆ. ಅದನ್ನು ಐದು ಟನ್ನೆಂದು ಇಟ್ಟುಕೊಂಡರೂ ಆ ಸಾಲ ತೀರಲು ಮೂವತ್ತು ವರ್ಷಕ್ಕಿಂತ ಹೆಚ್ಚು ಬೇಕು. ದಿನಕ್ಕೆ ನೂರು ಕಿಲೋಮೀಟರು ಓಡುವ ಗಾಡಿಗೆ ಮಾತ್ರ ಈ ಲೆಕ್ಕ ತಿರುವುಮುರುವಾಗುವುದು.

ಎದುರು ವಾದವನ್ನೂ ಮುಚ್ಚಿಡಲಾಗದು. ಹೊಗೆಯ ವಿಷವನ್ನು ಶಮನ ಮಾಡುವ ಕ್ಯಾಟಲಿಟಿಕ್ ಕನ್ವರ್ಟರು 1995ರಲ್ಲಿ ಮೊದಲು ಕಡ್ಡಾಯವಾದದ್ದು ನಾಲ್ಕು ಮಹಾನಗರಗಳಲ್ಲಿ ಮಾತ್ರ. ಅದಿಲ್ಲದ ಹಳೆಯ ಕಾರು ಕಾರ್ಬನ್ ಮಾನಾಕ್ಸೈಡನ್ನೂ ಅರೆಯುರಿದ ಇಂಧನವನ್ನೂ ಹೊಸ ಕಾರಿನ ಎಷ್ಟೋ ಪಟ್ಟು ಉಗುಳುವುದು. ಅಪಘಾತದಲ್ಲಿ ಪ್ರಯಾಣಿಕರನ್ನು ಕಾಯುವ ಗಾಳಿಚೀಲವಾಗಲಿ ಬಲವಾದ ಚೌಕಟ್ಟಾಗಲಿ ಅದರಲ್ಲಿಲ್ಲ. ಆದುದರಿಂದ ತಳದ ತಗಡು ತುಕ್ಕಿನಿಂದ ತೂತಾಗಿ ಸೀಟ್ ಬೆಲ್ಟಿನ ಹಿಡಿಗೂ ಆಸರೆಯಿಲ್ಲದ ಕಾರನ್ನು ಮಮತೆಯಿಂದ ಇಟ್ಟುಕೊಳ್ಳುವುದು ತಪ್ಪು. ಅದನ್ನು ಗುಜರಿಗೆ ಕಳುಹಿಸಬೇಕು. ಗಟ್ಟಿಯಾದ ಮೈಯುಳ್ಳ, ಮಿತವಾಗಿ ಓಡುವ, ಹೊಗೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಕಾರನ್ನು ಉಳಿಸಿಕೊಳ್ಳಬೇಕು. ಹೊಗೆ ಪರೀಕ್ಷಾ ಕೇಂದ್ರದ ಚೀಟಿಯಲ್ಲಿ ಕಾರ್ಬನ್ ಮಾನಾಕ್ಸೈಡಿನ ಅಂಕಿ ಇರುತ್ತದೆ. ಮನೆಯ ದುರಸ್ತಿಗಾರನಿಗೆ ಅದಕ್ಕಿಂತ ಅಗ್ಗದ ಪ್ರಯೋಗಶಾಲೆ ಸಿಗದು. ಪ್ರತಿ ಸಲದ ಚೀಟಿಯನ್ನೂ ಕೂಡಿಟ್ಟು ಹೋಲಿಸಿ ನೋಡಬೇಕು.

ಇದರಿಂದ ಮೆಕ್ಯಾನಿಕರ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೆ ಎಂದು ಕೆಲವರು ಕೇಳಬಹುದು. ಅನುಭವ ಬೇರೆ ಬಗೆಯದು. ರೋಗವನ್ನು ಸರಿಯಾಗಿ ಹೇಳಬಲ್ಲ ರೋಗಿಯು ವೈದ್ಯನಿಗೆ ಉಪಕಾರಿ. ಲಕ್ಷಣವನ್ನು ಗಮನಿಸಿ ಬರೆದುತಂದ ಗಿರಾಕಿಯ ಮುಂದೆ ಒಳ್ಳೆಯ ಕೆಲಸಗಾರನ ಬೆಲೆ ಏರುತ್ತದೆ, ಕೈಚಳಕದಿಂದ ಬಿಲ್ಲು ಬೆಳೆಸುವವನ ಆಟ ಮಾತ್ರ ನಿಲ್ಲುತ್ತದೆ.

ಈ ತಿಳಿವಳಿಕೆ ಹರಡಬೇಕಾದರೆ ಅದು ಕನ್ನಡದಲ್ಲಿ ಬರಬೇಕು. ಹಳೆಯ ಕಾರುಗಳ ದುರಸ್ತಿಗೆ ಚಿತ್ರಸಹಿತವಾದ ಕನ್ನಡ ಕೈಪಿಡಿ ದೊರೆಯುವುದು ದುರ್ಲಭ. ಗ್ಯಾರೇಜಿನಲ್ಲಿ ಎಲ್ಲರೂ ಆಡುವ ಮಾತಿನಲ್ಲಿಯೇ, ಪ್ಲಗ್ಗು, ಜೆಟ್ಟು, ಹೋಸು, ಸ್ಟೆಪ್ನಿ ಎಂಬ ಪದಗಳನ್ನು ಬಿಡದೆ, ಅಂಥ ಪುಸ್ತಕವನ್ನು ಬರೆಯಬಹುದು. ಚಾಮರಾಜನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಜಿಲ್ಲೆಯ ಕೈಗಾರಿಕಾ ತರಬೇತಿ ಸಂಸ್ಥೆಗಳೂ ತಿಂಗಳಿಗೊಂದು ಭಾನುವಾರ ತಮ್ಮ ಕಾರ್ಯಾಗಾರದ ಬಾಗಿಲನ್ನು ತೆರೆದು, ಊರಿನ ಹಿರಿಯ ಮೆಕ್ಯಾನಿಕರನ್ನು ಗೌರವಧನ ಕೊಟ್ಟು ಗುರುಗಳಾಗಿ ಕರೆದರೆ ಕಾರಿನ ಯಜಮಾನರೂ ವಿದ್ಯಾರ್ಥಿಗಳೂ ಒಟ್ಟಿಗೆ ಕಲಿಯಬಹುದು. ಗೃಹಿಣಿಯರನ್ನೂ ಹೆಣ್ಣುಮಕ್ಕಳನ್ನೂ ಈ ಕಲಿಕೆಯಿಂದ ಹೊರಗಿಡಲು ಕಾರಣವೇನೂ ಇಲ್ಲ. ಪಂಕ್ಚರಾದ ಚಕ್ರ ಯಾರನ್ನೂ ನೋಡಿ ಪಕ್ಷಪಾತ ಮಾಡುವುದಿಲ್ಲ.

ಚಾಮರಾಜನಗರದಿಂದ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಹೋಗುವ ದಾರಿ ಉದ್ದವಾದದ್ದಲ್ಲ. ಆ ದಾರಿಯಲ್ಲಿ ಹಳೆಯ ಕಾರು ನಿಂತರೆ ಬಾನೆಟ್ಟನ್ನು ಎತ್ತಿ ನೋಡುವವರ ಸಂಖ್ಯೆ ಕಡಮೆಯೇನಲ್ಲ. ನೋಡಿ ಅರ್ಥ ಮಾಡಿಕೊಳ್ಳುವವರ ಸಂಖ್ಯೆ ಬೆಳೆಯಬೇಕು. ಆ ಬೆಳವಣಿಗೆಗೆ ಒಂದು ಸ್ಪ್ಯಾನರು, ಒಂದು ನೋಟುಪುಸ್ತಕ, ಒಂದಿಷ್ಟು ತಾಳ್ಮೆ ಸಾಕು.